‘ಕರ್ನಾಟಕ’ದಲ್ಲಿ ‘ನಾಟಕ’ ಅಡಗಿದೆ ಅಂದರೆ ಅದು ಮೋಸದ ಕ್ಲೂ ಆಗುತ್ತದಾ?

ಡೊಂಬಿವಲಿ ಪದಪ್ರಿಯ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಇದು ತಲೆ ತಿನ್ನುತ್ತಿದೆ, ದಯವಿಟ್ಟು ಯಾರಾದರೂ ತೀರ್ಪು ಹೇಳಿ.

ಡೊಂಬಿವಲಿಯಲ್ಲಿ ನಾವು ಕೆಲವು ಕನ್ನಡ ಮನೆಯವರು ಸೇರಿ ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತೇವೆ. ಕೊನೆಯ ಪುಟದ ಪದಬಂಧ ನನ್ನದು. ಮೊದಲೆಲ್ಲ ‘ತಾವರೆ (3)’ ಅಂದರೆ ಕಮಲ, ಅಷ್ಟೇ ಇರುತ್ತಿತ್ತು. ನಮ್ಮಲ್ಲಿ ಸುಮಾರು ಜನ ಬೆಳಗಿನ ಲೋಕಲ್‌ನಲ್ಲಿ ಇಂಗ್ಲಿಷ್ ಪತ್ರಿಕೆಯ ಕ್ರಿಪ್ಟಿಕ್ ಬಿಡಿಸುವವರು. ಕನ್ನಡದಲ್ಲೂ ಅಂಥದ್ದು ಮಾಡಿ ಎಂದು ಅವರು ಕೇಳುತ್ತಲೇ ಇದ್ದರು, ಹಾಗಾಗಿ ಈ ತಿಂಗಳು ಧೈರ್ಯ ಮಾಡಿ ಒಂಬತ್ತು ಚೌಕ ಅಗಲ, ಒಂಬತ್ತು ಚೌಕ ಉದ್ದದ ಪೂರ್ತಿ ಕ್ರಿಪ್ಟಿಕ್ ಪದಬಂಧ ಕಟ್ಟಿದೆ.

ಕ್ರಿಪ್ಟಿಕ್ ಗೊತ್ತಿಲ್ಲದವರಿಗೆ ಒಂದು ಮಾತು. ಪ್ರತಿ ಕ್ಲೂನಲ್ಲಿ ಎರಡು ಭಾಗ ಇರುತ್ತದೆ. ಒಂದು ತುದಿಯಲ್ಲಿ ಉತ್ತರದ ಅರ್ಥ, ಉಳಿದದ್ದರಲ್ಲಿ ಆ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ದಾರಿ, ಇಲ್ಲವೇ ಅದೇ ಉತ್ತರದ ಇನ್ನೊಂದು ಅರ್ಥ. ಕಂಸದ ಅಂಕಿ ಉತ್ತರಕ್ಕೆ ಎಷ್ಟು ಚೌಕ ಎಂದು ಹೇಳುತ್ತದೆ. ‘ಕಪ್ಪು ಆನೆ (2)’ ಅಂದರೆ ಕರಿ, ಏಕೆಂದರೆ ಕಪ್ಪೂ ಕರಿಯೇ, ಆನೆಯೂ ಕರಿಯೇ.

ಜಗಳ ಆದದ್ದು ಈ ಕ್ಲೂಗೆ: ‘ಕರ್ನಾಟಕದಲ್ಲಿ ಅಡಗಿದ ರಂಗದಾಟ (3)’. ಉತ್ತರ ನಾಟಕ. ಇಡೀ ಪದಬಂಧದಲ್ಲಿ ಇದೇ ಎಲ್ಲಕ್ಕಿಂತ ಸುಲಭ ಎಂದುಕೊಂಡಿದ್ದೆ. ಆದರೆ ನನ್ನ ಜೊತೆ ಅದೇ ಡಬ್ಬಿಯಲ್ಲಿ ಹತ್ತುವ ಹಿರಿಯರೊಬ್ಬರು ಹಾಳೆ ಮಡಚಿ ತೊಡೆಯ ಮೇಲೆ ಇಟ್ಟು, ‘ಕರ್ನಾಟಕಕ್ಕೆ ನಾಲ್ಕು ಚೌಕ. ಕ, ರ್ನಾ, ಟ, ಕ. ಇದರಲ್ಲಿ ನಾ ಎಲ್ಲಿದೆ ತೋರಿಸು’ ಎಂದರು. ಕಿವಿಗೆ ಕೇಳಿಸುತ್ತದಲ್ಲ ಎಂದೆ. ‘ಪದಬಂಧ ಕಿವಿಯಲ್ಲಿ ತುಂಬುತ್ತೀಯಾ?’ ಎಂದರು. ಘಾಟ್ಕೋಪರ್ ದಾಟುವಷ್ಟರಲ್ಲಿ ಇಬ್ಬರ ದನಿಯೂ ಏರಿತ್ತು. ದಾದರ್‌ನಲ್ಲಿ ಏನೂ ಹೇಳದೆ ಇಳಿದು ಹೋದರು. ನನಗೆ ಕ್ರಿಪ್ಟಿಕ್ ಕಲಿಸಿದ್ದೇ ಅವರು, ಅದಕ್ಕೇ ಇಷ್ಟು ಸಂಕಟ.

ಇನ್ನೊಂದು ಚಿಕ್ಕ ತಕರಾರೂ ಇದೆ. ‘ಸದಾ ತಿರುಗಾಡುವ ಹರಿಭಕ್ತ (2)’ ಎಂದು ಕೊಟ್ಟಿದ್ದೆ. ಸದಾ ಹಿಂದುಮುಂದಾದರೆ ದಾಸ. ಇದೂ ಸರಿಯಿಲ್ಲ ಎಂದು ಇನ್ನೊಬ್ಬರು ಹೇಳಿದರು. ಯಾಕೆ ಅಂತ ಹೇಳಲಿಲ್ಲ.

ಚೌಕದಕ್ಷರ, ಪುಣೆ

ನಿಮ್ಮ ಹಿರಿಯರು ಹೇಳಿದ್ದು ಸರಿ.

ಇಂಗ್ಲಿಷ್‌ನಲ್ಲೂ ಇದೇ ವಾದ ನೂರು ವರ್ಷದಿಂದ ನಡೆಯುತ್ತಿದೆ. 1926ರಿಂದ 1939ರವರೆಗೆ ಲಂಡನ್ನಿನ ಅಬ್ಸರ್ವರ್ ಪತ್ರಿಕೆಯಲ್ಲಿ ಟಾರ್ಕೆಮಾಡಾ ಎಂಬ ಹೆಸರಿನಲ್ಲಿ ಪದಬಂಧ ಬರುತ್ತಿತ್ತು. ಅವರಿಗೆ ನಿಯಮದ ಹಂಗು ಕಡಿಮೆ. ಅವರ ನಂತರ ಬಂದ ಕ್ಸಿಮೆನೆಸ್ ಕ್ಲೂ ಹೇಗಿರಬೇಕು ಎಂಬುದಕ್ಕೆ ಒಂದು ಶಿಸ್ತು ತಂದರು, 1966ರಲ್ಲಿ ಅದನ್ನೆಲ್ಲ ಪುಸ್ತಕವಾಗಿಯೂ ಬರೆದರು. ಅದಕ್ಕೂ ಮೊದಲು ಆಫ್ರಿಟ್ ಎಂಬ ಇನ್ನೊಬ್ಬ ಸೆಟ್ಟರ್ (ಪದಬಂಧ ಕಟ್ಟುವವರು) ಹೇಳಿದ ಮಾತು ಈ ಶಿಸ್ತಿನ ಬೇರು. ಅದರ ಸಾರ ಇಷ್ಟು: ಸೆಟ್ಟರ್ ದಾರಿ ತಪ್ಪಿಸಬಹುದು, ಆದರೆ ಬರೆದ ಮಾತು ಪದಕ್ಕೆ ಪದ ಓದಿದಾಗ ಉತ್ತರವನ್ನು ಕೊಡಲೇಬೇಕು. ನೀವು ‘ಅಡಗಿದ’ ಎಂದು ಬರೆದಿದ್ದೀರಿ. ಅಡಗಿದೆ ಎಂದರೆ ಅಲ್ಲಿ ಇರಬೇಕು. ರ್ನಾ ಎಂಬುದು ಒಂದು ಚೌಕ. ಅದೇ ಪದಬಂಧದಲ್ಲಿ ಉತ್ತರ ಕರ್ನಾಟಕ ಎಂದಿದ್ದರೆ ನೀವೇ (4) ಎಂದು ಹಾಕುತ್ತಿದ್ದಿರಿ ಅಲ್ವಾ? ಉತ್ತರ ಎಣಿಸುವಾಗ ಒಂದು ಲೆಕ್ಕ, ಕ್ಲೂ ಕಟ್ಟುವಾಗ ಇನ್ನೊಂದು ಲೆಕ್ಕ ಆಗಬಾರದು.

ಕಣ್ಣಿನಿಂದ ನೋಡಿದರೂ ನಿಮ್ಮ ವಾದ ನಿಲ್ಲುವುದಿಲ್ಲ. ಅರ್ಕಾವೊತ್ತು ಬರೆಯುವುದು ನಾ ಆದ ಮೇಲೆ, ಟ ಬರುವ ಮುಂಚೆ. ಅಂದರೆ ಕಾಗದದ ಮೇಲೆ ನಾ ಮತ್ತು ಟ ನಡುವೆ ಒಂದು ಗುರುತು ಕೂತಿದೆ.

ಇದನ್ನು ಬಿಟ್ಟುಕೊಟ್ಟರೆ ನಾಳೆ ಕಾಗುಣಿತಕ್ಕೂ ಬೆಲೆ ಇರುವುದಿಲ್ಲ. ‘ಮರ ತಿರುಗಿದರೆ ದೇವರು’ ಎಂದು ಕ್ಲೂ ಕೊಟ್ಟು ಉತ್ತರ ರಾಮ ಎನ್ನುತ್ತಾರೆ. ಮರ ತಿರುಗಿದರೆ ರಮ. ವಾಲ್ಮೀಕಿ ಕಥೆಯಲ್ಲಿ ರಾಮ ಸಿಕ್ಕಿದ್ದು ಮರಾ ಮರಾ ಎಂದು ದೀರ್ಘ ಎಳೆದದ್ದಕ್ಕೆ.

ದಾಸನ ಕ್ಲೂ ಬಗ್ಗೆ. ‘ತಿರುಗು’ ಅನ್ನುವುದಕ್ಕೆ ಎರಡು ಅರ್ಥ ಇದೆ, ಅಲೆಯುವುದು ಮತ್ತು ಹಿಂದಕ್ಕೆ ಹೊರಳುವುದು. ‘ತಿರುಗಾಡು’ ಅನ್ನುವುದಕ್ಕೆ ಅಲೆಯುವುದು ಒಂದೇ ಅರ್ಥ. ಅಲೆದರೆ ಪದ ಉಲ್ಟಾ ಆಗುವುದಿಲ್ಲ. ‘ಸದಾ ತಿರುಗುವ ಹರಿಭಕ್ತ’ ಎಂದು ಬದಲಿಸಿ ನೋಡಿ, ನಿಯಮಕ್ಕೂ ಕೂರುತ್ತದೆ, ಊರೂರು ಸುತ್ತಿ ಹಾಡಿದ ದಾಸರ ಚಿತ್ರವೂ ಉಳಿಯುತ್ತದೆ. ಇಡೀ ಕ್ಲೂ ಉತ್ತರದ ವರ್ಣನೆಯಂತೆ ಓದಿಸಿಕೊಳ್ಳುವುದು ಅಪರೂಪ. ಒಂದು ‘ಆಡು’ವಿನಿಂದ ಅದನ್ನು ಕೆಡಿಸಬೇಡಿ.

ನಿವೃತ್ತ ಕನ್ನಡ ಮೇಷ್ಟ್ರು, ಮಾಟುಂಗಾ

ಮುಂಬೈಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ವರ್ಷಗಟ್ಟಲೆ ಛಂದಸ್ಸು ಪಾಠ ಮಾಡಿದವನು ನಾನು. ಪುಣೆಯವರು ಇಂಗ್ಲಿಷ್‌ನವರನ್ನು ಕೇಳಿದರು, ನಾನು ನಮ್ಮ ಛಂದಸ್ಸನ್ನೇ ಕೇಳಿದೆ. ಅದು ಇಬ್ಬರಿಗೂ ಸಾಕ್ಷಿ ಹೇಳುತ್ತದೆ!

ಮೊದಲು ಡೊಂಬಿವಲಿಯವರ ಪರ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಎಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಬರೀ ಕ ಇದ್ದರೆ ಲಘು, ಒಂದು ಮಾತ್ರೆ. ಕರ್ನಾಟಕದ ಕ ಗುರು, ಎರಡು ಮಾತ್ರೆ. ಯಾಕೆ? ಆ ರ್ ಸದ್ದಿನ ಭಾರ ಹಿಂದಿನ ಕ ಮೇಲೆ ಬೀಳುತ್ತದೆ. ಬಾಯಲ್ಲಿ ಹೇಳಿ ನೋಡಿ: ಕರ್, ನಾ, ಟ, ಕ. ರ್ ಕಡೆಗೆ ವಾಲಿರುವುದು ಕ ಕಡೆಗೆ, ನಾ ಬಿಡಿಯಾಗಿಯೇ ನಿಂತಿದೆ. ಷಟ್ಪದಿಯನ್ನು ಮಾತ್ರೆಯಲ್ಲಿ ಎಣಿಸುವ ನಾಡಿನಲ್ಲಿ ಕಿವಿಯ ಲೆಕ್ಕವನ್ನು ಸುಳ್ಳು ಎನ್ನುವುದು ಹೇಗೆ?

ಈಗ ಹಿರಿಯರ ಪರ. ಅದೇ ಷಟ್ಪದಿಯಲ್ಲಿ ಆದಿಪ್ರಾಸ ಇದೆ, ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಒಂದು ಸಾಲು ‘ಕರ್ನಾ’ ಎಂದು ಶುರುವಾದರೆ ಉಳಿದ ಸಾಲುಗಳಲ್ಲೂ ಎರಡನೆಯ ಜಾಗದಲ್ಲಿ ರ್ನ ಒತ್ತೇ ಬೇಕು. ಬೇರೆ ಬೇರೆ ವ್ಯಂಜನ ಸೇರಿದ ಒತ್ತಿನ ಪ್ರಾಸಕ್ಕೆ ಶರಭಪ್ರಾಸ ಎಂದೇ ಹೆಸರಿದೆ. ಅಲ್ಲಿ ರ್ನ ಎದುರಿಗೆ ಬರೀ ನ ಇಟ್ಟರೆ ಪ್ರಾಸ ತಪ್ಪಿತು. ಅಂದರೆ ಪ್ರಾಸ ನೋಡುವಾಗ ಒತ್ತಕ್ಷರ ಒಡೆಯಲಾಗದ ಒಂದು ಗಟ್ಟಿ.

ಹಾಗಾದರೆ ಪದಬಂಧ ಯಾವುದರ ಜಾತಿ? ನನ್ನ ಪ್ರಕಾರ ಪ್ರಾಸದ ಜಾತಿ. ಪ್ರಾಸದಲ್ಲಿ ‘ಎರಡನೆಯ ಅಕ್ಷರ’ ಎನ್ನುವ ಒಂದು ಜಾಗ ಇದೆ, ಚೌಕದ ಹಾಗೆ. ಎಡದಿಂದ ಬಲಕ್ಕೂ ಮೇಲಿನಿಂದ ಕೆಳಕ್ಕೂ ಅದೇ ಚೌಕದಲ್ಲಿ ಅದೇ ಅಕ್ಷರ ಕೂರಬೇಕು. ರ್ನಾ ಇರುವ ಚೌಕವನ್ನು ಹಾದುಹೋಗುವ ಪದಕ್ಕೆ ನಾ ಕೊಡಲಾಗುವುದಿಲ್ಲ. ಡೊಂಬಿವಲಿಯವರ ಕಿವಿ ಸರಿಯೇ. ಉತ್ತರವನ್ನು ಹೇಗೆ ಹುಡುಕಬೇಕೆಂದು ಹೇಳಲು ಅವರು ಆರಿಸಿದ ಸೂಚಕ ಪದ, ‘ಅಡಗಿದ’, ಅದು ಮಾತ್ರ ತಪ್ಪು.

ಮಡಗಾಂವ್ ಮಳೆ

ಗೋವಾದಿಂದ ಒಂದು ಬೇರೆ ದನಿ. ಎಲ್ಲರೂ ಸೇರಿ ಒಂದು ಚೆಂದದ ಕ್ಲೂವನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದೀರಿ.

ಕರ್ನಾಟಕದಲ್ಲೇ ನಾಟಕ ಇದೆ ಎಂದು ಕನ್ನಡಿಗರು ಎಷ್ಟು ಸಲ ಹೇಳಿಲ್ಲ? ಓದಿದ ತಕ್ಷಣ ಉತ್ತರ ಹೊಳೆಯುತ್ತದೆ. ಹೊಳೆದ ಮೇಲೆ ಇದೇ ಸರಿ ಎಂಬ ನಂಬಿಕೆಯೂ ಬರುತ್ತದೆ. ಬಿಡಿಸುವವನಿಗೆ ಅನ್ಯಾಯ ಆಗುವುದು ಉತ್ತರ ನೋಡಿದ ಮೇಲೂ ‘ಇದು ಹೇಗೆ?’ ಎಂದು ಕೂರಬೇಕಾದಾಗ. ಇಲ್ಲಿ ಯಾರೂ ಹಾಗೆ ಕೂರಲಿಲ್ಲವಲ್ಲ.

ಕ್ಸಿಮೆನೆಸ್ ಹೆಸರು ಹೇಳಿದವರು ಅರೌಕೇರಿಯಾ ಹೆಸರನ್ನೂ ಹೇಳಬೇಕು. ವೃತ್ತಿಯಿಂದ ಪಾದ್ರಿ, 1958ರಿಂದ 2013ರಲ್ಲಿ ತೀರಿಕೊಳ್ಳುವವರೆಗೂ ಗಾರ್ಡಿಯನ್ ಪತ್ರಿಕೆಗೆ ಪದಬಂಧ ಮಾಡಿದವರು. ಕ್ಸಿಮೆನೆಸ್ ಕಟ್ಟಳೆಗಳನ್ನು ಬೇಕಾದಾಗ ಸಡಿಲಿಸಿಕೊಂಡರು. ಓದುಗರು ಅವರನ್ನು ಎಷ್ಟು ಹಚ್ಚಿಕೊಂಡಿದ್ದರು ಅಂದರೆ, 2013ರ ಆರಂಭದಲ್ಲಿ ತಮಗೆ ಅನ್ನನಾಳದ ಕ್ಯಾನ್ಸರ್ ಇದೆ ಎಂಬ ಸುದ್ದಿಯನ್ನು ಅವರು ಪದಬಂಧದ ಉತ್ತರಗಳಲ್ಲೇ ಇಟ್ಟು ತಿಳಿಸಿದರು. ಬಿಡಿಸುತ್ತಾ ಹೋದವರಿಗೆ ಒಂದೊಂದೇ ಪದವಾಗಿ ಅದು ಗೊತ್ತಾಯಿತು. ಅಂಥ ನಂಟು ಬರೀ ನಿಯಮ ಪಾಲಿಸಿದ್ದರಿಂದ ಬೆಳೆಯುವುದಿಲ್ಲ.

ನಮ್ಮಲ್ಲೂ ಒಗಟಿನಂಥ ಹಾಡುಗಳಾದ ಕನಕದಾಸರ ಮುಂಡಿಗೆಗಳಿವೆ, ಬೆಡಗಿನ ವಚನಗಳಿವೆ. ಅವುಗಳಲ್ಲಿ ಸೂಚಕ ಪದ ಎಲ್ಲಿದೆ? ಆದರೂ ಜನ ಕೂತು ಬಿಡಿಸಿದರು, ಇಂದಿಗೂ ಬಿಡಿಸುತ್ತಿದ್ದಾರೆ.

ಮೇಷ್ಟ್ರ ಮಾತನ್ನು ಒಪ್ಪಿ ಒಂದು ದಾರಿ ಹೇಳುತ್ತೇನೆ. ‘ಅಡಗಿದ’ ತೆಗೆಯಿರಿ, ‘ಕರ್ನಾಟಕದಲ್ಲಿ ಕೇಳಿಸುವ ರಂಗದಾಟ (3)’ ಮಾಡಿ. ಕಿವಿಯಿಂದ ಹುಡುಕು ಎಂದು ಕ್ಲೂ ತಾನೇ ಹೇಳುತ್ತದೆ.

ಚೌಕದಕ್ಷರ, ಪುಣೆ

‘ಕೇಳಿಸುವ’ ಹಾಕಿದರೆ ನನ್ನ ತಕರಾರಿಲ್ಲ, ಖುಷಿಯಿಂದ ಒಪ್ಪುತ್ತೇನೆ. ಮುಂಡಿಗೆಯ ಹೋಲಿಕೆ ಮಾತ್ರ ಒಪ್ಪುವುದಿಲ್ಲ. ಮುಂಡಿಗೆಗೆ ಒಂದಕ್ಕಿಂತ ಜಾಸ್ತಿ ಅರ್ಥ ಹೇಳಬಹುದು, ಹೇಳಿದಷ್ಟೂ ಅದು ಬೆಳೆಯುತ್ತದೆ. ಪದಬಂಧದ ಚೌಕದಲ್ಲಿ ಒಂದೇ ಉತ್ತರ.

ನಿಜವಾದ ಕಷ್ಟ ಬೇರೆ ಕಡೆ ಇದೆ. ಅದನ್ನು ಯಾರೂ ಎತ್ತಲಿಲ್ಲ. ವಿಭಕ್ತಿ ಪ್ರತ್ಯಯ! ಇಂಗ್ಲಿಷ್‌ನಲ್ಲಿ ಒಳಗೆ, ಇಂದ, ಗೆ ಎನ್ನುವುದೆಲ್ಲ ಬಿಡಿ ಪದಗಳು. ನಮ್ಮಲ್ಲಿ ಪದಕ್ಕೇ ಅಂಟಿಕೊಳ್ಳುತ್ತವೆ. ‘ದೊರೆಯನ್ನು ಹುಡುಕು (3)’, ಉತ್ತರ ಅರಸು. ಅರಸು ಎಂದರೆ ದೊರೆ, ಅರಸು ಎಂದರೆ ಹುಡುಕು. ಓದಲು ಸೊಗಸಾಗಿದೆ, ಆದರೆ ಆ ‘ಅನ್ನು’ ಏನು ಕೆಲಸ ಮಾಡುತ್ತಿದೆ? ಏನೂ ಇಲ್ಲ. ಕ್ಲೂನಲ್ಲಿ ಕೆಲಸವಿಲ್ಲದೆ ಕೂತ ಅಕ್ಷರ ನನಗೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ. ಎರಡು ತಿಂಗಳು ಒದ್ದಾಡಿ ಕೊನೆಗೆ ‘ಹುಡುಕು ದೊರೆ! (3)’ ಎಂದು ಮಾಡಿಕೊಂಡೆ. ಈಗ ದೊರೆಯನ್ನು ಕರೆದು ಹುಡುಕಲು ಹೇಳಿದ ಹಾಗಿದೆ, ಎಲ್ಲ ಪದಕ್ಕೂ ಕೆಲಸ ಇದೆ. ಇದಕ್ಕೆ ನಿಮ್ಮೆಲ್ಲರ ನಿಯಮ ಏನು?

ಘಾಟ್ಕೋಪರ್ ಗೃಹಿಣಿ

ಪ್ರತ್ಯಯದ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಪ್ರತ್ಯಯ ತೊಂದರೆ ಅನ್ನಿಸಿಯೇ ಇಲ್ಲ. ಅದನ್ನು ದುಡಿಸಿಕೊಳ್ಳಬೇಕು ಅಷ್ಟೇ. ಸಪ್ತಮಿಯ ‘ಅಲ್ಲಿ’ ಬಂದರೆ ಒಳಗೆ ಹುಡುಕು ಎಂದು ಸೂಚನೆ. ‘ಇಂದ’ ಬಂದರೆ ಇದರಿಂದ ಅದು ಸಿಗುತ್ತದೆ ಎನ್ನುವ ಕೊಂಡಿ. ಷಷ್ಠಿಯ ‘ಅ’ವನ್ನಂತೂ ಅಕ್ಷರವಾಗಿಯೇ ಬಳಸಬಹುದು. ನಾನು ಮಾಡಿದ್ದು: ‘ಕೆಟ್ಟ ಮಗನ ನಡೆ (3)’. ಮಗನ ಎಂಬ ಮೂರು ಅಕ್ಷರ ಕೆಟ್ಟು ಅದಲುಬದಲಾದರೆ ಗಮನ. ಗಮನ ಎಂದರೆ ನಡೆ. ಪ್ರತ್ಯಯ ಸೇರಿ ಪೂರ್ತಿ ಪದ ಉತ್ತರದಲ್ಲಿ ಕರಗಿತು, ಒಂದಕ್ಷರವೂ ವ್ಯರ್ಥವಾಗಲಿಲ್ಲ.

ಆದರೆ ಒಂದು ಕಡೆ ಎಚ್ಚರ ಬೇಕು. ಮರ, ನಗರ, ಕರ್ನಾಟಕ ಹೀಗೆ ಅಕಾರದಲ್ಲಿ ಮುಗಿಯುವ ಪದಗಳು ಪ್ರತ್ಯಯ ಹಚ್ಚಿದರೂ ಹಾಗೇ ಉಳಿಯುತ್ತವೆ: ಮರದಲ್ಲಿ, ನಗರದಲ್ಲಿ. ಉಕಾರದ ಎಷ್ಟೋ ಪದಗಳು ಉಳಿಯುವುದಿಲ್ಲ. ಊರು ಹೋಗಿ ಊರಿನಲ್ಲಿ, ಕಾಡು ಹೋಗಿ ಕಾಡಿನಲ್ಲಿ. ರು ಇದ್ದದ್ದು ರಿ ಆಯಿತು, ಡು ಇದ್ದದ್ದು ಡಿ ಆಯಿತು. ‘ಊರಿನಲ್ಲಿ’ ಎಂದು ಬರೆದು ಊರು ಎಂಬ ಅಕ್ಷರಗಳನ್ನು ಬಳಸಿಕೋ ಎನ್ನುವುದು ತಪ್ಪು, ಕಾಗದದ ಮೇಲೆ ಇಲ್ಲದ ಅಕ್ಷರ ಕೇಳಿದ ಹಾಗೆ. ಅಂಥ ಕಡೆ ನಾನು ಪದ ಬದಲಿಸುತ್ತೇನೆ.

ಚಿಕ್ಕಂದಿನಲ್ಲಿ ನಾನು ಬಿಡಿಸುತ್ತಿದ್ದ ಕನ್ನಡ ಪದಬಂಧಗಳಲ್ಲಿ ಇನ್ನೊಂದು ರೂಢಿ ಇತ್ತು. ‘ಹಿಂದುಮುಂದಾದ ತಾವರೆ’ ಎಂದರೆ ಚೌಕದಲ್ಲಿ ಲಮಕ ಎಂದೇ ತುಂಬಬೇಕು. ಲಮಕ ಎಂಬ ಪದವೇ ಇಲ್ಲ. ಇಂಗ್ಲಿಷ್ ಕ್ರಿಪ್ಟಿಕ್‌ನವರು ಇದನ್ನು ಒಪ್ಪಲಿಕ್ಕಿಲ್ಲ, ಅಲ್ಲಿ ಉತ್ತರ ನಿಘಂಟಿನಲ್ಲಿ ಇರುವ ಪದವೇ ಆಗಿರಬೇಕು. ಆದರೆ ನಮ್ಮ ಮನೆಯಲ್ಲಿ ಅಜ್ಜಿಯಿಂದ ನನ್ನವರೆಗೆ ಯಾರಿಗೂ ಮೋಸ ಅನ್ನಿಸಲಿಲ್ಲ, ಆ ರೂಢಿ ಎಲ್ಲರಿಗೂ ಮೊದಲೇ ಗೊತ್ತಿತ್ತು. ಡೊಂಬಿವಲಿಯವರೇ, ಕಿವಿಯ ಲೆಕ್ಕ ಬೇಕಿದ್ದರೆ ಪದಬಂಧದ ಮೇಲೆ ಒಂದು ಸಾಲು ಬರೆದುಬಿಡಿ. ಆಟ ಮುಗಿದ ಮೇಲೆ ನಿಯಮ ಹೇಳಿದರೆ ಸಿಟ್ಟು ಬಾರದೆ ಇರುತ್ತದಾ?

ಮರಾಠಿ ಪದ ಬಳಸಬಹುದಾ ಎಂದು ಯಾರೋ ನನ್ನನ್ನು ಕೇಳಿದ್ದರು, ಇಲ್ಲೇ ಹೇಳುತ್ತೇನೆ. ಮುಂಬೈಯ ನಮಗೆ ಅದು ಸಹಜ, ಆದರೆ ಮರಾಠಿ ಎಂದು ಹೇಳಲೇಬೇಕು. ‘ಮರಾಠಿ ಬಾಗಿಲು, ಕನ್ನಡ ನೂಲು (2)’ ದಾರ. ‘ಮರಾಠಿ ಮೂಗು ನಮಗೆ ಸ್ವರ್ಗ (2)’ ನಾಕ. ಹೇಳದೆ ಹಾಕಿದರೆ ಧಾರವಾಡದಲ್ಲೋ ಮೈಸೂರಿನಲ್ಲೋ ಕೂತು ಬಿಡಿಸುವವರಿಗೆ ಅನ್ಯಾಯ.

ಕೊನೆಗೆ ಒಂದು ಮನವಿ. ಹಾಡು ಎಂಬುದನ್ನು ‘ಹಳ್ಳಿಯವರ ಬಾಯಲ್ಲಿ’ ಎಂದು ಸೂಚಕ ಹಾಕಿ ಆಡು ಮಾಡಬೇಡಿ. ಇಂಗ್ಲಿಷ್‌ನಲ್ಲಿ ಲಂಡನ್ನಿನ ಈಸ್ಟ್ ಎಂಡ್ ಜನರ ಹೆಸರು ಹೇಳಿ ಹ ತೆಗೆಯುವ ರೂಢಿ ಇದೆ, ಅದನ್ನು ನೋಡಿ ಇಲ್ಲೂ ಶುರು ಮಾಡಿದ್ದಾರೆ. ನನ್ನ ತಾಯಿ ಹಾಗೇ ಮಾತಾಡುತ್ತಿದ್ದರು. ಅವರ ಕನ್ನಡ ತಪ್ಪು ಕನ್ನಡ ಆಗಿರಲಿಲ್ಲ.

ನಿವೃತ್ತ ಕನ್ನಡ ಮೇಷ್ಟ್ರು, ಮಾಟುಂಗಾ

ಘಾಟ್ಕೋಪರ್‌ನ ತಾಯಿ, ‘ಕೆಟ್ಟ ಮಗನ ನಡೆ’ಗೆ ನನ್ನ ನಮಸ್ಕಾರ. ಕೊನೆಯ ಮಾತಿಗೆ ಇನ್ನೊಂದು ನಮಸ್ಕಾರ. ತರಗತಿಯಲ್ಲಿ ಹ ಬಿಟ್ಟು ಮಾತಾಡಿದ ಮಕ್ಕಳನ್ನು ನಾನೂ ಒಂದು ಕಾಲದಲ್ಲಿ ತಿದ್ದಿದ್ದೇನೆ. ಬರೆಯುವಾಗ ತಿದ್ದಿದ್ದು ಸರಿ, ಮಾತಾಡುವಾಗ ತಿದ್ದಬಾರದಿತ್ತು.

ಡೊಂಬಿವಲಿ ಪದಪ್ರಿಯ

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ದಾಸನ ಕ್ಲೂ ‘ತಿರುಗುವ’ ಆಯಿತು. ನಾಟಕಕ್ಕೆ ‘ಕೇಳಿಸುವ’ ಹಾಕುವುದು ಸುಲಭವಿತ್ತು, ಆದರೆ ಹಿರಿಯರ ಮುಂದೆ ಚೌಕದ ಲೆಕ್ಕದಲ್ಲೇ ಗೆದ್ದು ತೋರಿಸಬೇಕು ಅನ್ನಿಸಿತು. ರಾತ್ರಿ ಕೂತು ಇದನ್ನು ಮಾಡಿದೆ: ‘ನಾನಾ ಟಕಟಕ ಸದ್ದಿನಲ್ಲಿ ಅಡಗಿದ ರಂಗದಾಟ (3)’. ನಾನಾ ಪದದ ಎರಡನೆಯ ನಾ, ಆಮೇಲೆ ಟಕ. ಒತ್ತು ಇಲ್ಲ, ದೀರ್ಘ ಬದಲಾಗಿಲ್ಲ.

ಚೌಕದಕ್ಷರ, ಪುಣೆ

ಬಹಳ ಚೆನ್ನಾಗಿದೆ! ಒಂದೇ ಒಂದು ಪದ ತೆಗೆಯಿರಿ. ‘ಸದ್ದು’ ಯಾಕೆ ಬೇಕು? ಉತ್ತರ ಅಡಗಿರುವುದು ನಾನಾ ಟಕಟಕ ಎಂಬ ಎರಡು ಪದಗಳಲ್ಲಿ, ಸದ್ದಿನಲ್ಲಿ ಅಲ್ಲ. ‘ನಾನಾ ಟಕಟಕದಲ್ಲಿ ಅಡಗಿದ ರಂಗದಾಟ (3)’. ಟಕಟಕ ಅಕಾರದ ಪದ, ಪ್ರತ್ಯಯ ಹಚ್ಚಿದರೂ ಕೆಡುವುದಿಲ್ಲ.

ಡೊಂಬಿವಲಿ ಪದಪ್ರಿಯ

ಸದ್ದು ತೆಗೆದೆ. ಇವತ್ತು ಬೆಳಗ್ಗೆ ಹಾಳೆಯ ಹಿಂದೆ ಅದನ್ನು ಬರೆದು ಅವರ ಕೈಗೆ ಕೊಟ್ಟೆ. ಗಾಡಿ ದಿವಾ ದಾಟುವಾಗ ಕೊಟ್ಟದ್ದು, ಮುಂಬ್ರಾ ಬರುವ ಮುಂಚೆ ಉತ್ತರ ಬರೆದು, ಅಡಿಯಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು ವಾಪಸ್ ಕೊಟ್ಟರು. ಚೆನ್ನಾಗಿದೆ ಎಂದು ಹೇಳುವವರಲ್ಲ ಅವರು, ಆ ಗೆರೆಯೇ ಸಾಕು. ಆಮೇಲೆ ಹೊರಗೆ ನೋಡುತ್ತಾ ತಮ್ಮದೊಂದು ಕ್ಲೂ ಹೇಳಿದರು: ‘ಪೊಲೀಸರು ಕೂರುವ ಊರು (2)’. ಠಾಣೆ ಎಂದೆ. ಹೇಳಿದ ಮೇಲೆ ಸಂಶಯ ಬಂತು, ಊರಿನ ಹೆಸರನ್ನು ನಾವು ಕನ್ನಡದವರು ಥಾಣೆ ಎಂದು ಬರೆಯುತ್ತೇವಲ್ಲ, ಥ ಬೇರೆ ಠ ಬೇರೆ, ನಿಮ್ಮ ಲೆಕ್ಕದಲ್ಲೇ ಇದು ತಪ್ಪಲ್ವಾ ಎಂದು ಕೇಳಿದೆ. ಅಷ್ಟರಲ್ಲಿ ಗಾಡಿ ನಿಂತಿತು. ಅವರು ಮಾತಾಡದೆ ಪ್ಲಾಟ್‌ಫಾರ್ಮಿನ ಬೋರ್ಡಿನ ಕಡೆ ಬೆರಳು ತೋರಿಸಿದರು. ಮರಾಠಿಯಲ್ಲಿ ಬರೆದಿದ್ದ ಮೊದಲ ಅಕ್ಷರ ಠಾ.